ಮುಚ್ಚಳದಲ್ಲಿ ಬೆಳಕಿಲ್ಲದ ಸ್ಕ್ಯಾನರ್

ಮೊನ್ನೆ ಒಬ್ಬ ಗಿರಾಕಿ ಹಳೇ ನೆಗೆಟಿವ್‌ಗಳ ತಗಡಿನ ಡಬ್ಬಿ ತಂದು ನನ್ನ ಅಂಗಡಿಯ ಟೇಬಲ್ ಮೇಲೆ ಬಿಚ್ಚಿದ. ಹುಳಿ ವಾಸನೆ ಗಪ್ಪಂತ ಮೂಗಿಗೆ ಬಡೀತು. ಫಿಲ್ಮ್ ಹಳೇದಾದ್ರೆ ಹಾಗೇ, ವಿನೆಗರ್ ಥರ... ಆ ವಾಸನೆ ಬಂದರೆ ನನಗೆ ಸ್ಟುಡಿಯೋ ಸಾರ್ ನೆನಪಾಗ್ತಾರೆ. ನೆನಪಾಗದಿದ್ದರೇ ಚೆನ್ನಾಗಿತ್ತು.

ಮುಳಬಾಗಿಲು ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಅವರ ಫೋಟೋ ಸ್ಟುಡಿಯೋ, ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ನಾನು ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನು. ಹೋಟೆಲ್‌ನಲ್ಲಿ ಲೋಟ ತೊಳೆದು, ಲಾರಿಗೆ ಟೊಮೇಟೊ ಬಾಕ್ಸ್ ಹೊತ್ತು ಆ ಅಂಗಡಿ ಮಾಡಿದ್ದೆ. ಯಾರ ಮುಂದೂ ತಲೆ ತಗ್ಗಿಸಿರಲಿಲ್ಲ. ಸಾರ್ ಮಾತ್ರ ನನ್ನನ್ನ ಕರೀತಿದ್ದದ್ದು "ಏನ್ಲಾ ಏಳನೇ ಕ್ಲಾಸು" ಅಂತಲೇ. ಗಿರಾಕಿಗಳು ಎದುರಿಗಿದ್ದರೆ ಇನ್ನೂ ಜೋರಾಗಿ.

ಸುತ್ತಮುತ್ತಲ ಹಳ್ಳಿಗಳಲ್ಲಿ ಮದುವೆ ಅಂದ್ರೆ ಅವರದೇ ಕ್ಯಾಮೆರಾ. ಫೋಟೋ ನಮ್ಮದು, ನೆಗೆಟಿವ್ ಸ್ಟುಡಿಯೋದ್ದು, ಅದು ಅವತ್ತಿನ ಪದ್ಧತಿ. ಇನ್ನೊಂದು ಕಾಪಿ ಬೇಕಾದ್ರೆ ಅವರ ಹತ್ರಾನೇ ಹೋಗಬೇಕು. ಕುರುಡುಮಲೆಯಲ್ಲಿ ನಡೆದ ನಮ್ಮಕ್ಕನ ಮದುವೆಯನ್ನೂ ಅವರೇ ತೆಗೆದಿದ್ದರು. ನಮ್ಮಮ್ಮ ಕ್ಯಾಮೆರಾ ಕಂಡರೆ ಅಡುಗೆ ಕಡೆಗೆ ಓಡೋಳು. ಅವತ್ತು ಬೀಗರ ಬಲವಂತಕ್ಕೆ ಒಂದೇ ಒಂದು ಗ್ರೂಪ್ ಫೋಟೋದಲ್ಲಿ ನಿಂತಿದ್ದಳು. ಅಮ್ಮ ಹೋದಮೇಲೆ ಅಕ್ಕನ ಮನೆಯಲ್ಲಿದ್ದ ಆಲ್ಬಮ್ಮನ್ನ ಗೆದ್ದಲು ತಿಂತು. ಅಮ್ಮನ ಮುಖ ಅಂತ ಉಳಿದದ್ದು ಸಾರ್ ಹತ್ರ ಇದ್ದ ಆ ನೆಗೆಟಿವ್‌ನಲ್ಲಿ ಮಾತ್ರ.

ಹೋಗಿ ಕೇಳಿದೆ. ಅಷ್ಟರಲ್ಲಿ ಅವರ ಡಾರ್ಕ್ ರೂಮ್ ಮುಚ್ಚಿತ್ತು. ನೆಗೆಟಿವ್ ಹೊರಗೆ ಕೊಡಲ್ಲ, ಸ್ಕ್ಯಾನರ್ ತಗೋತೀನಿ, ನಿಮ್ಮಮ್ಮಂದೇ ಮೊದಲು ಮಾಡಿಕೊಡ್ತೀನಿ ಅಂದರು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು... ಅದನ್ನ ಆರಿಸೋಕೆ ಬೆಂಗಳೂರಿಗೆ ಹೊರಟಾಗ ಡಬ್ಬ ಹೊರೋಕೆ ನನ್ನನ್ನೂ ಕರ್ಕೊಂಡು ಹೋದರು.

ಅಂಗಡಿಯವನು ಮೂರು ತೋರಿಸಿದ. ಫಿಲ್ಮ್‌ಗೇ ಅಂತ ಇದ್ದ ಸಣ್ಣದರಲ್ಲಿ ಸಾರ್ ಅವರ ಅಗಲದ ನೆಗೆಟಿವ್ ಹಿಡಿಸುತ್ತಿರಲಿಲ್ಲ. ಎರಡನೇದಕ್ಕೆ ಮುಚ್ಚಳದೊಳಗೂ ಲೈಟು. ಮೂರನೇದು ಕಾಗದ ಸ್ಕ್ಯಾನ್ ಮಾಡೋ ಮಾಮೂಲಿ, ನೋಡೋಕೆ ದೊಡ್ಡದು. ನೆಗೆಟಿವ್‌ನಲ್ಲಿ ಬೆಳಕು ಮೇಲಿಂದ ತೂರಿ ಬರಬೇಕು, ಎರಡನೇದೇ ತಗೊಳ್ಳಿ ಅಂತ ಅವನು ಹೇಳಿದ. ನಾನೂ ಹೂಂ ಅಂದೆ. ಸಾರ್ ನನ್ನ ಕಡೆ ತಿರುಗಿ, ನಿನಗೇನು ಗೊತ್ತೋ ಅಂತ ತೆಲುಗಿನಲ್ಲಿ ಗದರಿದರು. ಕೋಪ ಬಂದರೆ ಅವರಿಗೆ ತೆಲುಗೇ. ಹಳೇ ಕಾಲದಲ್ಲಿ ಅವರು ಪ್ರಿಂಟ್ ಹಾಕ್ತಿದ್ದ ಪೆಟ್ಟಿಗೆಯಲ್ಲಿ ಕೆಳಗೆ ಲೈಟು, ಗಾಜಿನ ಮೇಲೆ ನೆಗೆಟಿವ್, ಅದರ ಮೇಲೆ ಬಿಳಿ ಪೇಪರ್ ಒತ್ತಿ ಮುಚ್ಚಳ. ಮಾಮೂಲಿ ಸ್ಕ್ಯಾನರ್ ಕೂಡ ನೋಡೋಕೆ ಹಾಗೇ ಇತ್ತು, ಮುಚ್ಚಳದ ಒಳಗಡೆ ಬಿಳುಪು ಸಮೇತ. ಇದೇ ಸಾಕು ಅಂತ ತೀರ್ಮಾನ ಮಾಡಿಬಿಟ್ಟರು. ಆ ಡಬ್ಬವನ್ನ ಮುಳಬಾಗಿಲಿನವರೆಗೂ ತೊಡೆ ಮೇಲೆ ಇಟ್ಕೊಂಡು ಬಂದೆ. ಅಮ್ಮ ಅದರೊಳಗಿಂದ ಬರ್ತಾಳೆ ಅಂತ.

ಬರಲಿಲ್ಲ. ಯಾವ ನೆಗೆಟಿವ್ ಇಟ್ಟರೂ ಕಂಪ್ಯೂಟರಿನಲ್ಲಿ ಮಂಕು ಕಪ್ಪು, ಗಂಡೋ ಹೆಣ್ಣೋ ಗೊತ್ತಾಗದಷ್ಟು. ತಪ್ಪು ಸ್ಕ್ಯಾನರ್ ತಂದೆ ಅಂತ ಸಾರ್ ಒಪ್ಪಲಿಲ್ಲ. ಕೇಳಿಕೊಂಡು ಬಂದವರಿಗೆಲ್ಲ ನೆಗೆಟಿವ್‌ಗಳೇ ಕೆಟ್ಟುಹೋಗಿವೆ ಅಂದರು. ಊರು ನಂಬಿತು.

ಒಂದು ಬೆಳಿಗ್ಗೆ ಸ್ಟುಡಿಯೋ ಮುಂದೆ ಕೋಲಾರದವನೊಬ್ಬ ಗೋಣಿಚೀಲ ಬಿಚ್ಚಿಕೊಂಡು ನಿಂತಿದ್ದ. ಹಳೇ ಎಕ್ಸ್‌ರೇ, ಫಿಲ್ಮ್ ಎಲ್ಲ ಕೊಂಡು ಸುಟ್ಟು ಅದರಲ್ಲಿನ ಬೆಳ್ಳಿ ತೆಗೆಯೋನು. ಸಾರ್ ಒಂದೊಂದೇ ಕವರ್ ಬಿಚ್ಚಿ ಸುರೀತಿದ್ದರು. ಓಡಿ ಹೋಗಿ ಚೀಲ ಹಿಡ್ಕೊಂಡೆ. ಅಕ್ಕನ ಮದುವೇದು ಅದೊಂದು ಕೊಡಿ, ಬೆಂಗಳೂರಿನಲ್ಲೇ ಮಾಡಿಸ್ಕೋತೀನಿ ಅಂತ ಬೇಡಿದೆ. ಬೀದಿಯಲ್ಲಿ ಜನ ನೋಡ್ತಿದ್ದ ಹಾಗೇ ಅವರ ಕಾಲು ಮುಟ್ಟಿದೆ.

ಹುಡುಕಿ ತೆಗೆದರು. ಬಿಸಿಲಿಗೆ ಹಿಡಿದು ನೋಡಿದರು. ನನಗೂ ಕಾಣ್ತಿತ್ತು... ಸಾಲಿನ ಕೊನೆಯಲ್ಲಿ ಸೆರಗು ಹೊದ್ದ ಅಮ್ಮ, ಕೂದಲು ಬೆಳ್ಳಗೆ, ಮುಖ ಕಪ್ಪಗೆ.

"ನಿಮ್ಮಮ್ಮ ಚೆನ್ನಾಗೇ ಇದಾಳೆ ಕಣೋ," ಅಂದರು ಸಾರ್. "ಆದ್ರೆ ಇದನ್ನ ನೀನು ಎಲ್ಲೋ ಮಾಡಿಸ್ಕೊಂಡು ಬಂದ್ರೆ ನನ್ನ ಮಿಷಿನ್ನು ತಪ್ಪು ಅಂತಾಗುತ್ತೆ. ಏಳನೇ ಕ್ಲಾಸಿನವನ ಕೈಲಿ ನಾನು ಹೇಳಿಸ್ಕೊಳ್ಳಲ್ಲ."

ಚೀಲಕ್ಕೆ ಹಾಕಿದರು. ಕೋಲಾರದವನು ನನ್ನ ಕಡೆ ನೋಡದೆ ಚೀಲದ ಬಾಯಿ ಕಟ್ಟಿದ.

ಸಾರ್ ತೀರಿಕೊಂಡು ವರ್ಷಗಳಾದವು. ಅವಾಗ ತಿಥಿ ಕಾರ್ಯಕ್ಕೆ ಫೋಟೋ ಬೇಕು ಅಂತ ಅವರ ಮಗ ನನ್ನ ಹತ್ರಾನೇ ಬಂದ. ಊರಿಗೆಲ್ಲ ಫೋಟೋ ತೆಗೆದವರದು ಅಂತ ಮನೆಯಲ್ಲಿ ಇದ್ದದ್ದು ಒಂದು ಸ್ಲೈಡು, ಫಿಲ್ಮ್ ಮೇಲೇ ಬಣ್ಣದಲ್ಲಿ ಮೂಡಿರೋ ಫೋಟೋ. ಅಷ್ಟರಲ್ಲಿ ನಾನು ಸರಿಯಾದ ಸ್ಕ್ಯಾನರ್ ಇಟ್ಟಿದ್ದೆ. ಕೆಲಸಕ್ಕೆ ಮೋಸ ಮಾಡೋನಲ್ಲ ನಾನು. ಧೂಳು ಒರೆಸಿ, ಬಣ್ಣ ಸರಿ ಮಾಡಿ ಕೊಟ್ಟೆ. ಅವರ ನಡುಮನೆಯಲ್ಲಿ ಈಗಲೂ ಇದೆ, ಮೀಸೆಯ ಒಂದೊಂದು ಕೂದಲೂ ಕಾಣುತ್ತೆ.

ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಅಪ್ಪನ ಫೋಟೋ ಪಕ್ಕ ಅಮ್ಮನ ಸೀರೆ ಮಡಚಿ ಇಡ್ತೀವಿ. ಅಜ್ಜಿ ಹೇಗಿದ್ದರು ಅಂತ ಕೇಳೋದನ್ನ ಮಕ್ಕಳು ಬಿಟ್ಟಿದ್ದಾರೆ... ಸೀರೆಗೆ ಕೈ ಮುಗಿದು ಊಟಕ್ಕೆ ಕೂತ್ಕೋತಾರೆ.