ಅಲೋಯ್ಜಿಯ ಮನೆಯ ದನಿ

ಅಲೋಯ್ಜಿ ಪಿವೊನ್ಸ್ಕಿಯ ಮುಖ ಪೋಲೆಂಡಿನ ನಮ್ಮ ವುಚ್ ನಗರದಲ್ಲಿ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ದನಿ ಗೊತ್ತಿಲ್ಲದ ಮನೆಯಿರಲಿಲ್ಲ. ಟಿವಿಯಲ್ಲಿ ಬರುವ ಪರದೇಶದ ಸಿನಿಮಾಗಳಿಗೆ, ಮೂಲದ ಮಾತಿನ ಮೇಲೆಯೇ ಪೋಲಿಷ್ ಮಾತನ್ನು ಓದುವುದು ಅವನ ಕೆಲಸ. ಕೊಲೆಗಾರನಿಗೂ ಮದುಮಗಳಿಗೂ ಅವನದೊಂದೇ ದನಿ, ಏರಿಳಿತವಿಲ್ಲದ್ದು. “ಅಳೋದು ನಟರ ಕೆಲಸ, ನಾನ್ಯಾಕೆ ಅಡ್ಡ ಬರಲಿ?” ಎನ್ನುತ್ತಿದ್ದ. ಸ್ಟುಡಿಯೋದ ಗಾಜಿನ ಈಚೆ ಕೂತು ಆ ದನಿಯನ್ನು ಮುದ್ರಿಸುತ್ತಿದ್ದವನು ನಾನು. ಮುದ್ರಣದ ಕೆಂಪು ದೀಪ ಆರಿದ್ದೇ ತಡ, ಅವನು ಬೇರೆಯೇ ಮನುಷ್ಯ. ಗಿಳಿಯ ಹಾಗೆ ವಟಗುಟ್ಟುತ್ತಿದ್ದ, ಹೆಂಡತಿಗೆ ಫೋನು ಮಾಡಿ, “ಬ್ರೋನ್ಯಾ, ನನ್ನ ಮೂಲಂಗೀ, ಇವತ್ತು ಏನು ಮಾಡಿದೀಯೇ?” ಎಂದು ರಾಗ ಎಳೆಯುತ್ತಿದ್ದ. ಆ ಹೊತ್ತಿಗೆ ನಾನು ಯಂತ್ರ ನಿಲ್ಲಿಸಿರುತ್ತಿದ್ದೆ. ಅಂಥದ್ದನ್ನು ಯಾರು ಮುದ್ರಿಸಿಕೊಳ್ಳುತ್ತಾರೆ?

ನಿವೃತ್ತನಾದ ಮೇಲೆ ಅವನ ಗಂಟಲಿಗೆ ಕ್ಯಾನ್ಸರ್ ಬಂತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು ವೈದ್ಯರು. ತೆಗೆದರು. ಕುತ್ತಿಗೆಗೆ ಒತ್ತಿಕೊಂಡು ಮಾತಾಡುವ ಒಂದು ಸಾಧನ ಕೊಟ್ಟಿದ್ದರು. ಒಮ್ಮೆ ಅದರಲ್ಲಿ ಗುಂಯ್‌ಗುಟ್ಟಿ ನೋಡಿ, ಅದನ್ನು ಸಾಕ್ಸ್‌ಗಳ ಜೊತೆ ಬೀರುವಿಗೆ ಹಾಕಿಬಿಟ್ಟ. ಆಮೇಲೆ ಎಲ್ಲಕ್ಕೂ ಸ್ಲೇಟು.

“ಸ್ಲೇಟಿನಲ್ಲಿ ಬೈದರೆ ಬೈಸಿಕೊಂಡ ಹಾಗೇ ಆಗಲ್ಲ ಕಣೋ ಟೊಲೆಕ್. ಅವನು ಬರೆದು ಮುಗಿಸೋ ಹೊತ್ತಿಗೆ ನನ್ನ ಸಿಟ್ಟೂ ಇಳಿದುಹೋಗಿರುತ್ತೆ,” ಎಂದು ಬ್ರೋನ್ಯಾ ನನ್ನ ಹತ್ತಿರ ಹೇಳಿಕೊಂಡಳು. ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಒಂದು ಭಾನುವಾರ ಗಸಗಸೆ ಕೇಕು ತೆಗೆದುಕೊಂಡು ಅವರ ಮನೆಗೆ ಹೋಗಿದ್ದೆ. ಟಿವಿಯಲ್ಲಿ ಕೊಕ್ಕರೆಗಳ ಮೇಲೆ ಏನೋ ಕಾರ್ಯಕ್ರಮ. ಅಡುಗೆಮನೆಯಲ್ಲಿದ್ದ ಬ್ರೋನ್ಯಾ ಕೈಯ ತಟ್ಟೆ ಹಿಡಿದುಕೊಂಡೇ ಓಡಿ ಬಂದಳು. ಅವಳು ನೋಡಿದ್ದು ಟಿವಿಯನ್ನಲ್ಲ, ಗಂಡನ ಬಾಯನ್ನು. ಕೊಕ್ಕರೆಗಳು ಆಫ್ರಿಕಾಕ್ಕೆ ಹೊರಟಿವೆ ಎಂದು ಅಲೋಯ್ಜಿಯ ದನಿ ಹೇಳುತ್ತಿತ್ತು. ಅಲೋಯ್ಜಿ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತಿದ್ದ.

ಸ್ಲೇಟಿನಲ್ಲಿ ಬರೆದ: ಇದನ್ನ ನಾನು ಓದಿಲ್ಲ.

ನಾವಿಬ್ಬರೂ ದುಡಿದಿದ್ದ ಸ್ಟುಡಿಯೋ ಕೈಬದಲಾಗಿತ್ತು. ಹೊಸಬರು ಹಳೆಯ ಮುದ್ರಣಗಳನ್ನೆಲ್ಲ ಕಂಪ್ಯೂಟರ್ ಯಂತ್ರಕ್ಕೆ ಉಣಿಸಿ, ಅವನ ದನಿಯನ್ನು ಕಲಿಸಿಬಿಟ್ಟಿದ್ದರು. ನಾವು ಕೇಳಲು ಹೋದಾಗ ಅಲ್ಲಿಯ ವ್ಯವಸ್ಥಾಪಕ ಬಹಳ ಮರ್ಯಾದೆಯಿಂದಲೇ ಕಾಫಿ ಕೊಟ್ಟ.

“ಅಲೋಯ್ಜಿಯವರೇ, ಎಲ್ಲಾ ಬಗೆಯ ಬಳಕೆಗೂ ಅಂತ ನೀವೇ ಸಹಿ ಹಾಕಿದೀರಲ್ಲ. ಒಂದು ರೀತೀಲಿ ನಿಮ್ಮ ದನಿಯನ್ನ ನಾವು ಬದುಕಿಸಿದೀವಿ. ಖುಷಿಪಡಬೇಕು ನೀವು!”

ಅಲೋಯ್ಜಿ ಅವನನ್ನೇ ದಿಟ್ಟಿಸಿ ನೋಡಿದ. ಕಾಫಿ ಮುಟ್ಟಲಿಲ್ಲ.

ಬ್ರೋನ್ಯಾಳ ತಂಗಿಯ ಮಗಳು ಕಿಂಗಾ ವಕೀಲೆ. ಅವಳಿಗೆ ಕೇಳುತ್ತಲೇ ಮೈಯೆಲ್ಲ ಉರಿಯಿತು. “ಹಾಗೆಲ್ಲ ಆಗಲ್ಲ ದೊಡ್ಡಪ್ಪ. ಸಹಿ ಹಾಕಿದ ಕಾಲಕ್ಕೆ ಯಾವ್ಯಾವ ಬಳಕೆ ಗೊತ್ತಿತ್ತೋ ಅಷ್ಟಕ್ಕೆ ಮಾತ್ರ ಒಪ್ಪಂದ ಅನ್ನುತ್ತೆ ನಮ್ಮ ಕೃತಿಸ್ವಾಮ್ಯದ ಕಾನೂನು. ಯಂತ್ರ ನಿನ್ನ ಹಾಗೆ ಮಾತಾಡುತ್ತೆ ಅಂತ ಆಗ ಯಾರ ಕನಸಲ್ಲಿತ್ತು? ಅದೂ ಅಲ್ಲದೆ, ಯಂತ್ರದ ದನಿ ಆದ್ರೆ ಹಾಗಂತ ಜನಕ್ಕೆ ಹೇಳಬೇಕು, ಅದು ಯುರೋಪಿನ ಹೊಸ ಕಾನೂನು. ಕೊಕ್ಕರೆ ಕಾರ್ಯಕ್ರಮದಲ್ಲಿ ಹೇಳಿದ್ರಾ? ಇಲ್ಲ!”

ಅವಳ ನೋಟಿಸು ಹೋದ ಮೇಲೆ ಎದುರಿನವರು ಸ್ವಲ್ಪ ದಿನ ಜಗ್ಗಾಡಿದರು. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ರಾಜಿಗೆ ಬಂದರು. ಕಾರ್ಯಕ್ರಮ ಹಿಂತೆಗೆದುಕೊಳ್ಳುತ್ತೇವೆ, ಪರಿಹಾರ ಕೊಡುತ್ತೇವೆ, ಯಂತ್ರದಲ್ಲಿರುವ ದನಿಯನ್ನು ಅಳಿಸಿಹಾಕುತ್ತೇವೆ ಎಂದರು. ಕಿಂಗಾ ಗೆದ್ದ ಸಂಭ್ರಮದಲ್ಲಿದ್ದಾಗ ಅಲೋಯ್ಜಿ ಸ್ಲೇಟು ಎತ್ತಿ ತೋರಿಸಿದ: ಅಳಿಸೋದು ಬೇಡ. ನನಗೆ ಕೊಡಲಿ.

“ಅಲ್ಲ ದೊಡ್ಡಪ್ಪ, ಯಾವುದರ ಮೇಲೆ ಜಗಳ ಮಾಡಿದ್ವೋ ಅದನ್ನೇ ಮನೆಗೆ ತಂದಿಟ್ಟುಕೊಳ್ತೀಯಾ?”

ಅವನು ಹೆಂಡತಿಯ ಕಡೆ ನೋಡಿದ. ಕಿಂಗಾ ರಾಜಿಯ ಕರಡು ತಿದ್ದಿದಳು.

ದನಿ ಒಂದು ಟ್ಯಾಬ್ಲೆಟ್‌ನಲ್ಲಿ ಬಂತು. ಟೈಪ್ ಮಾಡಿದ್ದನ್ನು ಅದು ಓದುತ್ತದೆ. ಬ್ರೋನ್ಯಾ ತುಟಿಗೆ ಬಣ್ಣ ಹಚ್ಚಿಕೊಂಡು ಬಂದು ಮೇಜಿನ ಮುಂದೆ ಕೂತಳು, ಮದುವೆಗೆ ಹೆಣ್ಣು ನೋಡಲು ಯಾರೋ ಬಂದಿದ್ದಾರೇನೋ ಎಂಬ ಹಾಗೆ. ಅಲೋಯ್ಜಿ ಒಂದೊಂದೇ ಅಕ್ಷರ ಒತ್ತಿದ, ಅಳಿಸಿದ, ಮತ್ತೆ ಒತ್ತಿದ.

“ಬ್ರೋನ್ಯಾ, ನನ್ನ ಮೂಲಂಗೀ, ಇವತ್ತು ಏನು ಮಾಡಿದೀಯೇ?” ಎಂದಿತು ಟ್ಯಾಬ್ಲೆಟ್.

ದನಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆದರೆ ಕೊಲೆಗಾರನ ಮಾತನ್ನು, ಕೊಕ್ಕರೆಯ ಸುದ್ದಿಯನ್ನು ಓದಿದ ಹಾಗೇ ಓದಿತ್ತು. ಬ್ರೋನ್ಯಾ ಮೇಜಿನ ಬಟ್ಟೆಯ ಸುಕ್ಕನ್ನು ಸರಿಮಾಡಿದಳು.

“ಇದು ಟಿವಿ ಕೇಳೋ ಊರಿನ ಅಲೋಯ್ಜಿ ಕಣೋ, ನನ್ನವನಲ್ಲ. ನನ್ನ ಜೊತೆ ನೀನು ಯಾವತ್ತು ಹೀಗೆ ಮಾತಾಡಿದೀಯ?”

ಅವನು ನನ್ನ ಕಡೆ ತಿರುಗಿದ. ದೀಪ ಆರಿದ ಮೇಲಿನ ಮಾತು ಯಾವುದಾದರೂ ಉಳಿದಿದೆಯೇ ಎಂದು ಕೇಳುತ್ತಿದ್ದಾನೆ ಎಂದು ಗೊತ್ತಾಯಿತು. ನನ್ನ ಹತ್ತಿರ ಉಳಿದಿದ್ದ ಹಳೆಯ ಟೇಪುಗಳನ್ನೆಲ್ಲ ಆ ಚಳಿಗಾಲ ಇಬ್ಬರೂ ಕೂತು ಕೇಳಿದೆವು. ಎಲ್ಲಾ ಓದಿದ್ದೇ. ಒಂದರ ಕೊನೆಯಲ್ಲಿ “ಬ್ರೋ—” ಎಂದು ಶುರುವಾಗಿ ತುಂಡಾಗಿತ್ತು. ಫೋನಿನಲ್ಲಿ ಅವಳನ್ನು ಕರೆದದ್ದೋ, ಬೇರೆ ಯಾವ ಮಾತಿನ ಶುರುವೋ. ಅದನ್ನು ಅವನು ಮತ್ತೆ ಮತ್ತೆ ಹಾಕಿಸಿ ಕೇಳಿದ. ಯಂತ್ರಕ್ಕೆ ಕಲಿಸಲು ಅಷ್ಟು ಸಾಲದು ಎಂದು ನಾನು ಹೇಳಬೇಕಾಯಿತು. ಅವನು ತಲೆಯಾಡಿಸಿದ. ಅಂಗಡಿಗೆ, ಬ್ಯಾಂಕಿಗೆ ಮಾತ್ರ ಟ್ಯಾಬ್ಲೆಟ್ ಒಯ್ಯುತ್ತಿದ್ದ. ಮನೆಯಲ್ಲಿ ಮತ್ತೆ ಸ್ಲೇಟೇ.

ವಸಂತದಲ್ಲಿ ರಾಜಿಪತ್ರಕ್ಕೆ ಕೊನೆಯ ಸಹಿ ಹಾಕುವುದಿತ್ತು. ಕಿಂಗಾ ಅಳುಕುತ್ತಲೇ ಕೇಳಿದಳು: “ನಿನ್ನ ಕಾಲ ಆದಮೇಲೆ ಈ ದನಿ ಏನಾಗಬೇಕು, ದೊಡ್ಡಪ್ಪ?”

ಅಳಿಸಬೇಕು, ಎಂದು ಬರೆದ.

ಬ್ರೋನ್ಯಾ ಅವನ ಕೈಯಿಂದ ಬಳಪ ಕಿತ್ತುಕೊಂಡಳು. “ನೀನು ಇಲ್ಲದಿರುವಾಗ ಇಲ್ಲಿ ಇರೋಳು ನಾನು. ನಿನ್ನನ್ನ ಯಾರು ಕೇಳಿದ್ರು?”

“ಅದು ನಿನ್ನ ಅಲೋಯ್ಜಿ ಅಲ್ಲ ಅಂದೆಯಲ್ಲ ದೊಡ್ಡಮ್ಮ,” ಎಂದಳು ಕಿಂಗಾ ಮೆಲ್ಲಗೆ.

“ಅಂದೆ. ಊರಿನ ಅಲೋಯ್ಜಿ ಅಂದೆ. ಏನೂ ಇಲ್ಲದ ದಿನ ಅವನೂ ಬಂದರೆ ಬರಲಿ, ಬಾಗಿಲು ಹಾಕಲ್ಲ ನಾನು.”

ಅಲೋಯ್ಜಿಯ ಭುಜ ಅಲುಗಿತು. ನಕ್ಕನೋ ಅತ್ತನೋ, ದನಿಯಿಲ್ಲದೆ ಹೇಳುವುದು ಕಷ್ಟ. ತೀರ್ಮಾನ ಬ್ರೋನ್ಯಾಳಿಗೆ ಸೇರಿದ್ದು ಎಂದು ಕಿಂಗಾ ಬರೆದಳು. ಅವನು ಸಹಿ ಹಾಕಿದ.

ಕಳೆದ ವಾರ ಅವರ ಊರಾಚೆಯ ಪುಟ್ಟ ತೋಟಕ್ಕೆ ನಾನೂ ಹೋಗಿದ್ದೆ. ಅವನು ಗಿಡಗಳ ಹಿಂದೆಲ್ಲೋ ಬಗ್ಗಿ ಕಳೆ ಕೀಳುತ್ತಿದ್ದ. ಬ್ರೋನ್ಯಾ ಬೇಲಿಯ ಹತ್ತಿರ ನಿಂತು ಕೂಗಿದಳು, “ಅಲೋಯ್ಜಿ, ಎಲ್ಲಿದೀಯೋ?” ಆ ಕಡೆಯಿಂದ ಉತ್ತರವಾಗಿ ಅವನು ತಗಡಿನ ಬಕೆಟ್ ಬಡಿದ ಸದ್ದು ಬಂತು. ಅವಳು ಆ ಸದ್ದಿನ ಕಡೆಗೆ ನಡೆದಳು. ಸ್ವಲ್ಪ ದೂರ ಹೋಗಿ, ಅವನು ಕಾಣಿಸುತ್ತಿದ್ದರೂ, ಮತ್ತೊಮ್ಮೆ ಕೂಗಿದಳು.