ಐದು ಪದಗಳ ಬಾಯಿಪಾಠ

ಅವ್ವನಿಗೆ ಪಾರ್ಕಿನ್ಸನ್ ಕಾಯಿಲೆಯೆಂದು ತಿಳಿದು ನಾಲ್ಕು ವರ್ಷವಾಯಿತು. ಆರು ತಿಂಗಳಿಗೊಮ್ಮೆ ಸುರಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ನಾನೇ ಕರೆದೊಯ್ಯುತ್ತೇನೆ. ಡಾಕ್ಟರು ಕೈ ನೋಡುತ್ತಾರೆ, ನಡೆಸಿ ನೋಡುತ್ತಾರೆ, ಕೊನೆಗೆ ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ಈ ಕಾಯಿಲೆಯಲ್ಲಿ ಕೆಲವರಿಗೆ ಮುಂದೆ ಮರೆವು, ಗೊಂದಲ ಶುರುವಾಗುತ್ತದೆ. ಯಾರಿಗೆ, ಯಾವಾಗ ಎಂದು ಖಚಿತವಾಗಿ ಹೇಳಲು ಬಾರದು. ಹೀಗೆ ಅಳೆಯುತ್ತ ಹೋದರೆ ಸುಳಿವು ಸಿಗಬಹುದು ಎಂದಿದ್ದರು. ಕೈನಡುಕ ತಡೆಯುವ ಒಂದು ಗುಳಿಗೆ ಬುದ್ಧಿಯನ್ನು ಮಂಕು ಮಾಡುವುದುಂಟು, ಇಲ್ಲದ್ದನ್ನು ಕಾಣಿಸುವುದೂ ಉಂಟು, ನೆನಪು ಜಾರಿದರೆ ಅದನ್ನು ಇಳಿಸಬೇಕಾಗುತ್ತದೆ ಎಂದೂ ಹೇಳಿದ್ದರು. ಅವ್ವ ಅದನ್ನು ಕೇಳಿಸಿಕೊಂಡಿದ್ದಳು. ಆ ಗುಳಿಗೆಯಿಂದಲೇ ಅವಳು ಸೀರೆಯ ನೆರಿಗೆ ತಾನೇ ಹಿಡಿಯುತ್ತಿದ್ದಳು, ಸಾರು ಚೆಲ್ಲದೆ ಉಣ್ಣುತ್ತಿದ್ದಳು.

ಕಳೆದ ಸಲ ಹೊರಡುವ ಹಿಂದಿನ ದಿನ ಅವ್ವ ಬಟ್ಟೆ ಮಡಚುತ್ತ ಗುನುಗುತ್ತಿದ್ದಳು. “ಬೀಗ, ನಿಂಬಿಹಣ್ಣು, ಕುರ್ಚಿ, ನದಿ, ಗಂಟಿ.”

“ಏನವ್ವಾ ಅದು?”

“ನಾಳಿನ ಪಾಠ. ನಿಮ್ಮ ಡಾಕ್ಟರ್ ಪ್ರಶ್ನೆಪತ್ರಿಕಿ ಬದಲಿ ಮಾಡಂಗಿಲ್ಲ.”

“ಕಲತು ಹೋದ್ರ ಅವ್ರಿಗೆ ಹೆಂಗ ಗೊತ್ತಾಗ್ತದ?”

“ಇನ್‌ಸ್ಪೆಕ್ಟರ್ ಸಾಹೇಬ್ರು ಬರೂ ಮುಂದ ಹುಡುಗರಿಗೆ ಹಿಂಗೇ ಬಾಯಿಪಾಠ ಮಾಡಸ್ತಿದ್ದೆ. ಸಾಲಿಗಿ ಎಂದಾದ್ರೂ ಕೆಟ್ಟ ಹೆಸರು ಬಂತೇನು? ಸುಮ್ಮಿರು, ಭಾಳ ಶಾಣ್ಯಾಕಿ.”

ಅವ್ವ ಮೂವತ್ತು ವರ್ಷ ಸರ್ಕಾರಿ ಶಾಲೆಯ ಮಕ್ಕಳಿಗೆ ಪಾಠ ಹೇಳುವ ಅಕ್ಕೋರಾಗಿದ್ದವಳು. ನಾನು ನಕ್ಕೆ. ಆಮೇಲೆ ನಗು ನಿಂತಿತು. ಹಿಂದಿನ ಎರಡು ಸಲವೂ ಅವಳು ಐದಕ್ಕೆ ಐದು ಹೇಳಿದ್ದಳು. ಶಹಾಪುರದ ಅಕ್ಕನಿಗೆ ಫೋನು ಮಾಡಿ ಅವ್ವನ ತಲೆ ಚುರುಕಾಗಿದೆ ಎಂದಿದ್ದೆ. ಆದರೆ ಒಂದು ತಿಂಗಳಿಂದ ಅವಳಿಗೆ ಮಂಚದ ಕೆಳಗೆ ಕೋಳಿಯೊಂದು ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಕೋಳಿಯಿಲ್ಲ. ಅವಳು ಹೇಳಿದಾಗೆಲ್ಲ ನಾನು ತಾರೀಖು ಸಹಿತ ಬರೆದಿಟ್ಟಿದ್ದೆ, ಆದರೂ ಅಂಕಗಳನ್ನೇ ನಂಬಿದ್ದೆ.

ಮರುದಿನ ಡಾಕ್ಟರು “ಬೀಗ” ಎಂದು ಶುರು ಮಾಡಿದರು. ಅವ್ವ ನನ್ನತ್ತ ನೋಡಲಿಲ್ಲ.

“ಸರ್, ಪದ ಬದಲಿ ಮಾಡ್ರಿ,” ಎಂದೆ. “ಅವ್ವ ಇವನ್ನ ಕಲತು ಬಂದಾಳ.” ಕೋಳಿಯ ವಿಷಯವನ್ನೂ ಹೇಳಿಬಿಟ್ಟೆ.

ಅವರು ಬೇರೆ ಐದು ಪದ ಕೊಟ್ಟರು. ಅವ್ವ ಎರಡನ್ನು ಹೇಳಿದಳು. ಬಹಳ ಹೊತ್ತು ಯೋಚಿಸಿ ಮೂರನೆಯದಾಗಿ “ನದಿ” ಎಂದಳು. ಡಾಕ್ಟರು ಆ ಗುಳಿಗೆಯನ್ನು ಅರ್ಧಕ್ಕೆ ಇಳಿಸಿ ಚೀಟಿ ಬರೆದರು.

“ಮುಂದ ಏನಾಗ್ತದ ಹೇಳಾಕ ಬರಂಗಿಲ್ಲ ಅಂತೀರಿ,” ಎಂದಳು ಅವ್ವ. “ಮತ್ತ ಇವತ್ತ ನೆಟ್ಟಗಿದ್ದ ಕೈ ಯಾಕ ಕಸಗೊಂತೀರಿ?”

“ಕಸಗೊಳ್ಳಾಕತ್ತಿಲ್ರಿ ಅಕ್ಕೋರೆ. ಇಳಸಿ ನೋಡೂಣ್ರಿ.”

ಬಸ್ಸು ಜೇವರ್ಗಿ ದಾಟಿತು. ಅವ್ವ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದಳು: “ಕಾಪಿ ಹೊಡ್ಯಾವ್ರು ಊರ ತುಂಬ ಅದಾರ. ಹಿಡದು ಕೊಡಾಕಿ ನನ್ನ ಹೊಟ್ಟ್ಯಾಗೇ ಹುಟ್ಟಿ ಬಂದಾಳ.”

ನಾನು ಮಾಡಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಸರಿಯೆಂದು ವಾದಿಸುವ ಶಕ್ತಿ ಮಾತ್ರ ಉಳಿದಿಲ್ಲ.

ಇದಾಗಿ ಆರು ವಾರ. ಕೈ ಮತ್ತೆ ನಡುಗುತ್ತದೆ. ಬೆಳಿಗ್ಗೆ ನೆರಿಗೆ ನಾನು ಹಿಡಿಯುತ್ತೇನೆ, ಅವಳು ಗೋಡೆ ನೋಡುತ್ತ ನಿಲ್ಲುತ್ತಾಳೆ.

“ಮಂಚದ ಕೆಳಗ ಏನರ ಕಾಣಸ್ತದೇನವ್ವಾ?”

“ಏನಿಲ್ಲ.”

ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತದೆ. ಗುಳಿಗೆ ಇಳಿದದ್ದರಿಂದ ಕೋಳಿ ಹೋಯಿತೋ, ನನಗೆ ಹೇಳಬಾರದೆಂದು ಅವಳು ತೀರ್ಮಾನಿಸಿದಳೋ, ತಿಳಿಯುವ ದಾರಿಯಿಲ್ಲ. ಮುಂದಿನ ಸಲ ಡಾಕ್ಟರು ಮೊದಲು ಕೇಳುವುದು ಅದನ್ನೇ. ನೋಟ್‌ಬುಕ್ಕಿನಲ್ಲಿ ‘ಏನಿಲ್ಲ ಎಂದಳು’ ಎಂದಷ್ಟೇ ಬರೆದಿಡುತ್ತಿದ್ದೇನೆ.