ಮುದುಕಿಗೆ ದನಿ ಸಿಕ್ಕಿದ್ದು

ನಿವೃತ್ತಿಯಾದ ಆರನೆಯ ತಿಂಗಳಿಗೆ ನನಗೊಂದು ಹೊಸ ಕೆಲಸ ಸಿಕ್ಕಿತು. ಹೊರದೇಶದ ಒಂದು ಕಾರ್ಟೂನ್ ಸಿನಿಮಾಕ್ಕೆ ಕನ್ನಡದಲ್ಲಿ ಮಾತು ಬರೆದುಕೊಡುವುದು. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಮೊದಲ ಹತ್ತು ವರ್ಷ ಜೋಗೇಶ್ವರಿಯಲ್ಲಿ, ಆಮೇಲೆ ಮನೆಗೆ ಹತ್ತಿರವೆಂದು ಚೆಂಬೂರಿನಲ್ಲಿ. ಡಬ್ಬಿಂಗ್ ಸ್ಟುಡಿಯೋದವರು ಕನ್ನಡ ಚೆನ್ನಾಗಿ ಬಲ್ಲವರು ಯಾರಿದ್ದಾರೆ ಎಂದು ವಿಚಾರಿಸುತ್ತಾ ಇದ್ದರಂತೆ. ನಮ್ಮ ಬಿಲ್ಡಿಂಗಿನವರೊಬ್ಬರು ನನ್ನ ಹೆಸರು ಹೇಳಿದ್ದರು.

ಸಿನಿಮಾದ ಕಥೆ ಬಹಳ ಹಳೆಯದು, ಆ ದೇಶದ ಅಜ್ಜಿಯರು ತಲೆಮಾರುಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದದ್ದು. ಒಬ್ಬಳು ರಾಣಿ, ಅವಳ ಕಣ್ಣು ಹೋಗಿದೆ. ಕಾಡಿನ ನಡುವೆ ನೆಲದಿಂದ ನೀರು ಉಕ್ಕುವ ಒಂದು ಊಟೆ ಇದೆ, ಅದರ ನೀರು ತಂದು ಹಚ್ಚಿದರೆ ಕಣ್ಣು ಬರುತ್ತದೆ. ಕಿರಿಯ ಮಗಳು ಹುಡುಕಿಕೊಂಡು ಹೊರಡುತ್ತಾಳೆ. ಊಟೆಯ ಬಳಿ ಒಬ್ಬಳು ಮುದುಕಿ ಇದ್ದಾಳೆ. ನೋಡಿದರೆ ಹೆದರಿಕೆಯಾಗುವಂಥ ರೂಪ. ಅವಳು ಮೂರು ಕಷ್ಟದ ಕೆಲಸ ಹೇಳುತ್ತಾಳೆ, ಅದನ್ನು ಮಾಡಿದರೆ ಮಾತ್ರ ನೀರು.

ಕಥೆ ಸುಲಭ, ಮಾತು ಬರೆಯುವುದು ಸುಲಭವಲ್ಲ. ತೆರೆಯ ಮೇಲೆ ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಪ, ಬ, ಮ ಬರಬೇಕು. ಬಾಯಿ ತೆರೆದಲ್ಲಿ ಆ, ಓ. ಅವರು ಮಾತು ನಿಲ್ಲಿಸಿದಾಗ ನಮ್ಮದೂ ನಿಲ್ಲಬೇಕು. ನಾನು ಕನ್ನಡಿಯ ಮುಂದೆ ಕುಳಿತು ಒಂದೊಂದು ಸಾಲನ್ನೂ ಹತ್ತು ಸಲ ಹೇಳಿ ನೋಡಿದೆ. ಎರಡು ನೋಟುಬುಕ್ಕು ತುಂಬಿತು. ವ್ಯಾಕರಣದಲ್ಲಿ ಒಂದು ತಪ್ಪು ಹುಡುಕಿದರೂ ಸಿಗದು ಎಂಬ ಹೆಮ್ಮೆ ನನಗಿತ್ತು.

ಸ್ಟುಡಿಯೋ ಇದ್ದದ್ದು ಜೋಗೇಶ್ವರಿಯ ಒಂದು ಹಳೇ ಇಂಡಸ್ಟ್ರಿಯಲ್ ಎಸ್ಟೇಟಿನ ಮೂರನೇ ಮಹಡಿಯಲ್ಲಿ. ಕೆಳಗೆ ಪ್ಲಾಸ್ಟಿಕ್ ಡಬ್ಬಿ ಮಾಡುವ ಯಂತ್ರಗಳ ಗದ್ದಲ, ಮೇಲೆ ದಪ್ಪ ಬಾಗಿಲಿನ ಹಿಂದೆ ಸೂಜಿ ಬಿದ್ದರೂ ಕೇಳುವಷ್ಟು ಮೌನ. ನಾನು ಚೆಂಬೂರಿನಿಂದ ಹೊರಟು, ವಡಾಳಾದಲ್ಲಿ ಲೋಕಲ್ ಬದಲಿಸಿ, ಹತ್ತು ಗಂಟೆಗೆಲ್ಲ ಅಲ್ಲಿರುತ್ತಿದ್ದೆ. ಧ್ವನಿಮುದ್ರಣ ಮಾಡುವವನು ಮರಾಠಿ ಯುವಕ. ಕನ್ನಡದ ಒಂದಕ್ಷರವೂ ಗೊತ್ತಿಲ್ಲ, ಆದರೆ ಕಿವಿ ಬಹಳ ಚುರುಕು.

ರಾಜಕುಮಾರಿಯ ಮಾತುಗಳು ಎರಡು ದಿನದಲ್ಲಿ ಮುಗಿದವು. ಮುದುಕಿಯದು ಮುಗಿಯಲಿಲ್ಲ. ಮೂವರು ಬಂದು ಹೋದರು. ಎಲ್ಲರೂ ನಾಟಕ, ರೇಡಿಯೋ ಎಂದು ಅನುಭವ ಇದ್ದವರೇ. ಒಬ್ಬರು ಗಂಟಲು ಗೊಗ್ಗರು ಮಾಡಿ ಗುಡುಗಿದರು. ಒಬ್ಬರು ಕೆಮ್ಮುತ್ತಾ ಹೇಳಿದರು. ಇನ್ನೊಬ್ಬರು "ಎಲೈ ಬಾಲಿಕೆ" ಎಂಬ ಧಾಟಿಯಲ್ಲಿ ಶುರು ಮಾಡಿದಾಗ ನನಗೇ ನಗು ಬಂತು. ಆದರೆ ತಪ್ಪು ಅವರದಾಗಿರಲಿಲ್ಲ. "ನೀನು ಎಲ್ಲಿಗೆ ಹೊರಟಿರುವೆ, ಮಗಳೇ? ಈ ಅರಣ್ಯದಲ್ಲಿ ದಾರಿ ತಪ್ಪಿದವರಿಗೆ ದಾರಿ ತೋರುವವರಿಲ್ಲ" ಎಂದು ಬರೆದವಳು ನಾನೇ.

"ಮ್ಯಾಡಮ್, ತುಟಿ ಮ್ಯಾಚ್ ಆಗ್ತಿದೆ, ಜೀವ ಇಲ್ಲ," ಎಂದು ಧ್ವನಿಮುದ್ರಣದವನು ಹಿಂದಿಯಲ್ಲಿ ಹೇಳಿದ. "ಯಾರೋ ನೋಟಿಸ್ ಓದಿದ ಹಾಗೆ."

ನನಗೆ ಸಿಟ್ಟು ಬಂತು. ಭಾಷೆಯೇ ಬಾರದವನು ನನಗೆ ಹೇಳುತ್ತಾನಲ್ಲ ಎಂದು.

ಆ ಮಧ್ಯಾಹ್ನ ಚಹಾ ಕುಡಿಯಲು ಇಬ್ಬರೂ ಹೊರಗೆ ಬಂದೆವು. ಲಿಫ್ಟ್ ಕೆಟ್ಟಿತ್ತು, ಲೋಟ ಹಿಡಿದೇ ಮೆಟ್ಟಿಲು ಹತ್ತಿ ಬರುತ್ತಿದ್ದೆವು. ಮೆಟ್ಟಿಲ ಮೇಲೆ ಎಸ್ಟೇಟಿನ ನೆಲ ಒರೆಸುವ ಹೆಂಗಸು ಬಕೆಟ್ ಪಕ್ಕಕ್ಕಿಟ್ಟು ಫೋನಿನಲ್ಲಿ ಮಾತಾಡುತ್ತಿದ್ದಳು. ಅರವತ್ತರ ಹತ್ತಿರದ ವಯಸ್ಸು, ನರೆತ ಕೂದಲು, ಸೆರಗು ಸೊಂಟಕ್ಕೆ ಬಿಗಿದಿತ್ತು.

"ಅಲ್ಲವಾ ತಂಗಿ, ಆಡು ಮನಿಗಿ ಬರ್ಲಿಲ್ಲಂದ್ರ ಹುಡುಕಾಕ ಹೋಗ್ಬೇಕು. ಅಳ್ಕೋತ ಕುಂತ್ರ ತಾನಾಗೇ ಬರ್ತೈತೇನ? ಎದ್ದೇಳು. ಹಳ್ಳದ ಕಡೆ ನೋಡು. ಕತ್ತಲಾಗೂದ್ರೊಳಗ ಹೋಗು."

ದನಿ ಏರಲಿಲ್ಲ. ಬೈಗುಳವೂ ಅದರಲ್ಲೇ ಇತ್ತು, ಸಮಾಧಾನವೂ ಇತ್ತು. ಅವನು ಚಹಾದ ಲೋಟ ಹಿಡಿದು ನಿಂತೇಬಿಟ್ಟ.

"ಮ್ಯಾಡಮ್, ಇದು ಯಾವ ಭಾಷೆ?"

"ಕನ್ನಡ."

"ಹಾಗಾದರೆ ನಾವು ಒಳಗೆ ಮಾಡ್ತಿರೋದು ಯಾವ ಭಾಷೆ?"

ಅವನು ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ಗೊತ್ತಾಗದೆ ಕೇಳಿದ್ದು.

ಫೋನ್ ಇಟ್ಟ ಮೇಲೆ ಅವಳೇ ನನ್ನನ್ನು ದಿಟ್ಟಿಸಿ ನೋಡಿದಳು. "ನೀವು ಇಲ್ಲೇ ಸಾಲ್ಯಾಗಿದ್ದ ಅಕ್ಕೋರ ಅಲ್ರೀ? ನನ್ನ ಮಗಳು ನಿಮ್ಮ ಕೈಯಾಗ ಕಲ್ತಾಳ್ರಿ." ಅವರ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಗಂಡನ ಜೊತೆ ಬಂದವರು, ಗಂಡ ತೀರಿಹೋದ ಮೇಲೂ ಇಲ್ಲೇ ಉಳಿದವರು. ಮಗಳು ಈಗ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂದರು. ಮಗಳ ಹೆಸರು ಕೇಳಿದರೂ ನನಗೆ ಮುಖ ನೆನಪಾಗಲಿಲ್ಲ.

ಸಿನಿಮಾದ ವಿಷಯ ಹೇಳಿ, ಒಂದು ಸಲ ಒಳಗೆ ಬಂದು ನಾಲ್ಕು ಮಾತು ಆಡಿ ನೋಡುತ್ತೀರಾ ಎಂದು ಕೇಳಿದೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. "ಓದಾಕ ಬರೂದಿಲ್ರಿ ನನಗ. ಸಿನಿಮಾ ಏನ್ ಮಾಡ್ಲಿ?"

"ಓದುದು ಬೇಡ. ನೀವು ತಂಗಿ ಹತ್ರ ಮಾತಾಡಿದ್ರಲ್ಲ, ಹಾಗೆ ಮಾತಾಡಿದ್ರೆ ಸಾಕು."

"ಮಗಳು ಸಂಗಡ ಬಂದ್ರ ಬರ್ತೀನ್ರಿ," ಎಂದರು.

ಮಾರನೆಯ ದಿನ ಇಬ್ಬರೂ ಬಂದರು. ಮಗಳಿಗೆ ಮೂವತ್ತರ ಆಸುಪಾಸು. ಹೆಗಲಿಗೆ ಬ್ಯಾಗು, ಕಿವಿಯಲ್ಲಿ ಸಣ್ಣ ಓಲೆ. ನನ್ನನ್ನು ನೋಡಿ "ನಮಸ್ತೆ ಮಿಸ್" ಎಂದು ಪಕ್ಕಕ್ಕೆ ಸರಿದು ನಿಂತಳು. ತಾಯಿಯ ಜೊತೆ ಕೂಡ ಹೆಚ್ಚಾಗಿ ಹಿಂದಿಯಲ್ಲೇ ಮಾತಾಡುತ್ತಿದ್ದಳು. ಮನೆಯಲ್ಲಿ ಕನ್ನಡ ಮಾತಾಡುವುದಿಲ್ಲವಾ ಎಂದು ಕೇಳಿದೆ. ಮೂವತ್ತು ವರ್ಷದ ಅಭ್ಯಾಸ, ಸುಮ್ಮನಿರಲಾಗಲಿಲ್ಲ.

"ಸಮಜ್ತೈತಿ ಮಿಸ್. ಮಾತಾಡಾಕ... ಒಂದ್ ಥರಾ ಆಗ್ತದ." ಬ್ಯಾಗು ಸರಿಮಾಡಿಕೊಂಡು ಹೇಳಿದಳು, "ನಾಕನೇ ಕ್ಲಾಸಿನ್ಯಾಗ ಕಥಿ ಹೇಳೂ ಸ್ಪರ್ಧೆ ಇತ್ತಲ್ಲ. ನಾ ಅವ್ವ ಹೇಳಿದ್ ಕಥಿ ಹೇಳಾಕ ನಿಂತಿದ್ದೆ. ಒಂದ್ ಊರಾಗ ಅಂದೆ. ನೀವು, ಊರಾಗ ಅಲ್ಲ, ಊರಿನಲ್ಲಿ ಅಂದ್ರಿ. ಮತ್ತ ಹೇಳ್ದೆ, ಮತ್ತ ತಿದ್ದಿದ್ರಿ. ಎಲ್ಲಾರೂ ನಕ್ರು. ನಾ ಹೋಗಿ ಕುಂತೆ. ಆಮ್ಯಾಲ ಸಾಲ್ಯಾಗ ಬಾಯಿ ತೆರೀಲಿಲ್ಲ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ನನಗೆ ಆ ಸ್ಪರ್ಧೆ ನೆನಪಿಗೇ ಬರಲಿಲ್ಲ. ಅದರಿಂದ ಇನ್ನೂ ನಾಚಿಕೆಯಾಯಿತು. ಎಷ್ಟು ಮಕ್ಕಳನ್ನು ಹಾಗೆ ತಿದ್ದಿದ್ದೇನೋ, ಒಂದೂ ನೆನಪಿಲ್ಲದಷ್ಟು ಸಲೀಸಾಗಿ. ತಿದ್ದುವುದೇ ಕಲಿಸುವುದು ಎಂದು ನಂಬಿದ್ದೆ.

"ತಪ್ಪಾಯ್ತು ಮಗಾ," ಎಂದೆ.

"ಬಿಡ್ರಿ ಮಿಸ್. ಓದಾಕ ಬರಿಯಾಕ ಕಲಿಸಿದವರೂ ನೀವೇ." ಅವಳು ಬ್ಯಾಗಿನಿಂದ ಪೆನ್ನು ತೆಗೆದಳು. "ಏನ್ ಬರೀಬೇಕು ಹೇಳ್ರಿ. ಅಕ್ಷರ ಮರ್ತಿಲ್ಲ, ಸ್ಲೋ ಆಗೈತಿ ಅಷ್ಟ."

ತಾಯಿಗೆ ಮೊದಲು ಸಿನಿಮಾ ಪೂರ್ತಿ ತೋರಿಸಿದೆವು. ಮಾತು ಬಂದ್ ಮಾಡಿ, ಬರೀ ಚಿತ್ರ. ನಾನು ಪಕ್ಕದಲ್ಲಿ ಕುಳಿತು ಕಥೆ ಹೇಳುತ್ತಾ ಹೋದೆ. ಮುಗಿದ ಮೇಲೆ, ಮೊದಲು ಬಂದವರೊಬ್ಬರು ಗುಡುಗಿದ್ದನ್ನೂ ಒಮ್ಮೆ ಕೇಳಿಸಿದೆವು. ಅವರು ಕೇಳಿದರು, "ಈ ಮುದುಕಿ ಚಲೋದಾಕಿನೋ ಕೆಟ್ಟಾಕಿನೋ?"

"ಒಳ್ಳೆಯವಳೇ. ನೋಡುಕೆ ಮಾತ್ರ ಹಾಗೆ."

"ಮತ್ತ ಯಾಕ ಒದರ್ತಾಳ? ಕಾಡಿನ್ಯಾಗ ಒಬ್ಬಾಕೇ ಇರಾಕಿ. ಒದರಿದ್ರ ಕೇಳಾಕ ಯಾರ್ ಅದಾರ? ಆಕಿ ಸಣ್ಣಗ ಮಾತಾಡ್ತಾಳ ನೋಡ್ರಿ. ಭಾಳ ದಿನಕ್ಕ ಒಂದು ಮನಶ್ಯಾರ ಮುಖ ಕಂಡೈತಿ ಆಕಿಗಿ."

ಬಂದುಹೋದ ಮೂವರಿಗೂ ಬರೆದ ನನಗೂ ಹೊಳೆಯದೇ ಇದ್ದ ಮಾತು ಅದು. ಮಗಳು ಹಿಂದಿಯಲ್ಲಿ ಅದನ್ನು ಧ್ವನಿಮುದ್ರಣದವನಿಗೆ ಹೇಳಿದಳು. ಅವನು ಎದ್ದು ಹೋಗಿ ಮೈಕನ್ನು ಹತ್ತಿರಕ್ಕೆ ಎಳೆದಿಟ್ಟ.

ಕೆಲಸಕ್ಕೆ ಒಂದು ಕ್ರಮ ತಾನಾಗಿಯೇ ಕೂಡಿಬಂತು. ನಾನು ಒಂದು ಸಾಲಿನ ಅರ್ಥ ಹೇಳುವುದು. ತಾಯಿ ಅದನ್ನು ತಮ್ಮ ಮಾತಿನಲ್ಲಿ ಹೇಳುವುದು. ಮಗಳು ತೆರೆಯ ಮೇಲಿನ ತುಟಿ ನೋಡಿ, ಒಂದು ಪದ ಹಿಂದೆ ಮುಂದೆ ಮಾಡಿ ಬರೆದುಕೊಳ್ಳುವುದು. ಆಮೇಲೆ ಗಾಜಿನ ಕೋಣೆಯಲ್ಲಿ ತಾಯಿಯ ಪಕ್ಕ ನಿಂತು ಅವರ ಕಿವಿಯಲ್ಲಿ ಆ ಸಾಲು ಹೇಳುವುದು. ಹೊರಗಿನಿಂದ ಅವನು ಕೈ ಎತ್ತಿದ ಕೂಡಲೇ ತಾಯಿ ಮಾತಾಡುತ್ತಿದ್ದರು.

"ಎಲ್ಲಿಗಿ ಹೊಂಟಿ ಮಗಳ? ಇಲ್ಲಿ ದಾರಿ ಕೇಳಿದ್ರ ಹೇಳವರಿಲ್ಲ. ಬಾ, ಮೊದಲ ಕುಂದ್ರು."

ನನ್ನ ಎರಡು ಸಾಲಿನ ಭಾಷಣ ಇಷ್ಟಾಗಿತ್ತು. ತೆರೆಯ ಮೇಲಿನ ಆ ವಿಕಾರ ಮುಖ, ಅದೇ ಹಳೇ ಚಿತ್ರ, ಇದ್ದಕ್ಕಿದ್ದಂತೆ ಯಾರದೋ ಮನೆಯ ಅಜ್ಜಿಯಾಯಿತು. ಕನ್ನಡ ಬಾರದ ಅವನು ಹೆಡ್‌ಫೋನ್ ಕಳಚಿ ನನ್ನತ್ತ ತಿರುಗಿ ಹೆಬ್ಬೆರಳು ತೋರಿಸಿದ.

ತೊಂದರೆ ಬಂದದ್ದು ಬೆಂಗಳೂರಿನಿಂದ. ಸಿನಿಮಾದವರ ಪರವಾಗಿ ಕನ್ನಡ ಕೆಲಸ ನೋಡಿಕೊಳ್ಳುತ್ತಿದ್ದ ಯುವಕ ವಿಡಿಯೋ ಕಾಲ್ ಮಾಡಿದ. "ಮೇಡಂ, ವಾಯ್ಸ್ ಸೂಪರಾಗಿದೆ. ಆದ್ರೆ ಲ್ಯಾಂಗ್ವೇಜು ತುಂಬಾ ಹಳ್ಳಿ ಕಡೇದಾಯ್ತು. ಫ್ಯಾಮಿಲಿ ಆಡಿಯನ್ಸು ಅಲ್ವಾ? ಸ್ಟ್ಯಾಂಡರ್ಡ್ ಕನ್ನಡ ಇದ್ರೆ ಚೆನ್ನಾಗಿರುತ್ತೆ. ನೀವೇ ಬರೆದಿದ್ರಲ್ಲ, ಮೊದಲನೇ ಡ್ರಾಫ್ಟು, ಅದೇ ಇರ್ಲಿ."

ಒಂದು ವಾರದ ಹಿಂದೆ ಯಾರಾದರೂ ಈ ಮಾತು ಹೇಳಿದ್ದರೆ ಹಿಗ್ಗುತ್ತಿದ್ದೆ. ಈಗ ಅವನ ಮಾತಿನಲ್ಲಿ ನನ್ನದೇ ದನಿ ಕೇಳಿದ ಹಾಗಾಯಿತು.

"ಅದು ಸತ್ತ ಡ್ರಾಫ್ಟು ಮಾರಾಯ," ಎಂದೆ. "ಕಥೆ ನಮ್ಮಲ್ಲಿಗೆ ಬರಬೇಕಾದ್ರೆ ಯಾರಾದರೊಬ್ಬರ ಬಾಯಿಂದ ಬರಬೇಕಲ್ಲ. ಅರಮನೆಯವರು ಪುಸ್ತಕದ ಕನ್ನಡ ಮಾತಾಡ್ಲಿ. ಕಾಡಿನವಳು ಅವಳ ಕನ್ನಡ ಮಾತಾಡ್ಲಿ. ಕೇಳುವ ಮಕ್ಕಳಿಗೆ ಅರ್ಥ ಆಗದಿದ್ರೆ ಮತ್ತೆ ನೋಡುವ."

"ಮೈಸೂರು ಕಡೆಯವರಿಗೆ ಅರ್ಥ ಆಗ್ಬೇಕಲ್ಲ ಮೇಡಂ."

ಆಗ ಮಗಳು ಪಕ್ಕದಿಂದ ಮುಂದೆ ಬಾಗಿ, ತಡವರಿಸುತ್ತಲೇ ಹೇಳಿದಳು, "ಸರ್, ಯಾವ ಸಾಲು ಸಮಜಿಲ್ಲ ಹೇಳ್ರಿ. ಅಷ್ಟ ಬದ್ಲಿ ಮಾಡ್ತೀನಿ. ಎಲ್ಲಾ ಬದ್ಲಿ ಬ್ಯಾಡ."

ಅವನು ಐದು ಸಾಲು ತೋರಿಸಿದ. ನಾಲ್ಕರಲ್ಲಿ ಅವಳು ಒಂದೊಂದು ಪದ ತೆಗೆದು ಬೇರೆ ಹಾಕಿದಳು. ಐದನೆಯದಕ್ಕೆ ತಾಯಿ ಒಪ್ಪಲಿಲ್ಲ. "ಇದನ್ನ ಮುಟ್ಟಬ್ಯಾಡ್ರಿ. ಸರಿ ಐತಿ." ಅದು ಹಾಗೇ ಉಳಿಯಿತು. ಅವನೂ ಕೊನೆಗೆ ನಕ್ಕು, "ಆಯ್ತಮ್ಮ, ನೀವ್ ಹೇಳ್ದಂಗೇ ಆಗ್ಲಿ" ಎಂದ.

ಸಿನಿಮಾ ಕರ್ನಾಟಕದ ಊರುಗಳಲ್ಲಿ ಬಿಡುಗಡೆಯಾಯಿತು. ಮುಂಬಯಿಯಲ್ಲಿ ಕನ್ನಡದ ಆಟ ಇರಲಿಲ್ಲ. ಕೆಲವು ವಾರ ಕಳೆದ ಮೇಲೆ ಬೊರಿವಲಿಯ ಕನ್ನಡದವರು ಸೇರಿ ಮಕ್ಕಳಿಗಾಗಿ ಒಂದು ಭಾನುವಾರ ಬೆಳಿಗ್ಗೆ ಒಂದೇ ಒಂದು ಆಟ ಗೊತ್ತುಮಾಡಿದರು. ತಾಯಿ ಹಸಿರು ಇಳಕಲ್ಲ ಸೀರೆ ಉಟ್ಟು ಬಂದಿದ್ದರು. ಇಷ್ಟು ದೊಡ್ಡ ತೆರೆ ನೋಡುತ್ತಿರುವುದು ಇದೇ ಮೊದಲು ಎಂದರು.

ಕತ್ತಲಾಯಿತು. ಅರ್ಧ ಗಂಟೆಯ ಮೇಲೆ ಮುದುಕಿ ಬಂದಳು. ಇಡೀ ಹಾಲ್ ತುಂಬ ಅವರ ದನಿ. ನಾನು ಅವರ ಕಡೆ ನೋಡಿದೆ. ಅವರು ಅಳುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ. ತೆರೆಯ ಮುದುಕಿಯ ಜೊತೆ ತಾವೂ ಮಾತಾಡುತ್ತಿದ್ದರು. ಎಲ್ಲ ಸಾಲೂ ಬಾಯಿಪಾಠವಾಗಿತ್ತಲ್ಲ, ಕೆಲವೊಮ್ಮೆ ತೆರೆಗಿಂತ ಅರೆಕ್ಷಣ ಮುಂಚೆಯೇ ಹೇಳಿಬಿಡುತ್ತಿದ್ದರು. ಮಗಳು "ಅವ್ವಾ, ಚುಪ್" ಎಂದು ಕೈ ಒತ್ತಿದರೂ ನಿಲ್ಲಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಐದಾರು ವರ್ಷದ ಹುಡುಗಿ ಹಿಂದೆ ತಿರುಗಿದಳು. ತೆರೆ ನೋಡಿದಳು, ಇವರನ್ನು ನೋಡಿದಳು, ಮತ್ತೆ ತೆರೆ. ಆಮೇಲೆ ಗಟ್ಟಿಯಾಗಿ, "ಮಮ್ಮಿ, ಬುಢಿಯಾ ಯಹಾಂ ಪೀಛೇ ಬೈಠೀ ಹೈ!" ಮುದುಕಿ ಇಲ್ಲೇ ಹಿಂದೆ ಕೂತಿದ್ದಾಳೆ ಎಂದು ಅವಳು ಕೂಗಿದ್ದಕ್ಕೆ ಸುತ್ತಮುತ್ತ ನಾಲ್ಕು ಸಾಲು ನಕ್ಕಿತು.

ಮಧ್ಯಂತರದಲ್ಲಿ ಮಕ್ಕಳು ಸುತ್ತುಗಟ್ಟಿದರು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಪ್ರಶ್ನೆ. ರಾಜಕುಮಾರಿಗೆ ನೀರು ಸಿಗುತ್ತದಾ? ಊಟೆ ಕಾಯುವ ಹಾವು ಕಚ್ಚುತ್ತದಾ? ತಾಯಿ ಎಲ್ಲದಕ್ಕೂ ಕನ್ನಡದಲ್ಲೇ ಉತ್ತರ ಕೊಟ್ಟರು. "ಈಗ ಹೇಳಿದ್ರ ಮುಂದ ಏನ್ ನೋಡ್ತೀರಿ? ಹೋಗಿ ಕುಂದ್ರಿ, ಹೋಗ್ರಿ." ಒಂದು ಮಗುವಿಗೂ ಅರ್ಥ ಹೇಳಿಕೊಡಬೇಕಾಗಲಿಲ್ಲ. ಎಲ್ಲ ಓಡಿಹೋಗಿ ಕುಳಿತವು. ಆ ಹುಡುಗಿ ಮಾತ್ರ ಹೋಗದೆ ಇವರ ಮೊಣಕಾಲಿಗೆ ಒರಗಿ ನಿಂತು, ಬಹಳ ಪ್ರಯತ್ನಪಟ್ಟು ಕೇಳಿದಳು: "ಅಜ್ಜಿ, ನೀವು ಪಾಪ್‌ಕಾರ್ನ್ ತಿಂತೀರಾ?" ಅವಳ ತಾಯಿ ಬೆರಗಾಗಿ ನನ್ನತ್ತ ನೋಡಿದರು. ಅವಳು ಕನ್ನಡದಲ್ಲಿ ಒಂದು ವಾಕ್ಯ ಪೂರ್ತಿ ಹೇಳಿದ್ದು ಮೊದಲ ಸಲವಂತೆ. ವಾಕ್ಯದಲ್ಲಿ ತಪ್ಪಿತ್ತೋ ಇಲ್ಲವೋ ನಾನು ಗಮನಿಸಲೇ ಇಲ್ಲ.

ಕಳೆದ ತಿಂಗಳು ಸ್ಟುಡಿಯೋದಿಂದ ಮತ್ತೆ ಫೋನ್ ಬಂತು. ಇನ್ನೊಂದು ಹಳೇ ಕಥೆ, ಇನ್ನೊಂದು ಸಿನಿಮಾ. ಇದರಲ್ಲೂ ಒಬ್ಬಳು ರಾಣಿ, ಜೊತೆಗೊಂದು ಹುಲಿ. ಈ ಸಲ ಬರೆಯುವವರು ಇಬ್ಬರು ಎಂದು ನಾನು ಮೊದಲೇ ತಿಳಿಸಿದೆ. ಮಗಳು ಮೆಡಿಕಲ್ ಅಂಗಡಿಯ ಕೆಲಸ ಬಿಟ್ಟಿಲ್ಲ. ರಜೆಯ ದಿನ ಜೋಗೇಶ್ವರಿಯ ಅವರ ಚಾಳಿನ ಕೋಣೆಯಲ್ಲಿ ಕೂರುತ್ತೇವೆ. ಅವಳು ಬರೆಯುತ್ತಾಳೆ, ನಾನು ಓದುತ್ತೇನೆ. ಕೆಲವು ಕಡೆ ಅವಳು ನನ್ನ ಕನ್ನಡ ತಿದ್ದುತ್ತಾಳೆ. "ಮಿಸ್, ಹಿಂಗ್ ಯಾರ್ ಮಾತಾಡ್ತಾರ?" ಎಂದು ನಗುತ್ತಾಳೆ.

ತಾಯಿಗೆ ರಾಣಿಯ ಪಾತ್ರ ಕೊಡೋಣವೆಂದು ನಾವಿಬ್ಬರೂ ಅಂದುಕೊಂಡಿದ್ದೆವು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಅವರು ಕಥೆ ಪೂರ್ತಿ ಕೇಳಿದರು.

"ರಾಣಿ ಒಲ್ಲೆ ನಾ," ಎಂದರು. "ಆಕಿಗಿ ಏನ್ ಕೆಲಸ ಐತ್ರಿ? ಕಿಡಕ್ಯಾಗ ನಿಂತು ಅಳೂದು. ಆ ಹುಲಿಗಿ ಯಾರನ್ನರ ಗೊತ್ತು ಮಾಡೀರೇನು?"

ಮಾಡಿರಲಿಲ್ಲ. ಹುಲಿಯೂ ಗಟ್ಟಿಯಾಗಿ ಘರ್ಜಿಸಬಾರದಂತೆ. ಹಸಿದ ಹುಲಿ ಸದ್ದೇ ಮಾಡುವುದಿಲ್ಲ ಎಂದು ನಮಗೆ ವಿವರಿಸುತ್ತಾ, ಅವರು ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದರು.